ಸ್ಕ್ಯಾನಿಂಗ್ ಅಂದರೆ ಬಸುರಿಯರಿಗೆ ಮಾತ್ರ ಅಲ್ಲ: ಎಳೆ ವಯಸ್ಸಿನವರ ಎದೆಗಂಟು ಮತ್ತು ಅಲ್ಟ್ರಾಸೌಂಡ್

(ವಿರಾಜಪೇಟೆಯಲ್ಲಿ ಕಾಲೇಜು ವಿದ್ಯಾರ್ಥಿನಿಯರು, ಅವರ ತಾಯಂದಿರು ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ರೇಡಿಯಾಲಜಿ ವೈದ್ಯೆಯೊಬ್ಬರು ಆಡಿದ ಮಾತಿನ ಬರಹ ರೂಪ.)

ಈಗ ನಾನು ಸ್ಕ್ಯಾನಿಂಗ್ ಅಂದ ತಕ್ಷಣ ಹಿಂದಿನ ಬೆಂಚಿನಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡು ನಕ್ಕರು. ಯಾಕೆ ಅಂತ ಗೊತ್ತು. ನಮ್ಮಲ್ಲಿ ಸ್ಕ್ಯಾನಿಂಗ್ ಅಂದರೆ ಬಸುರಿಯರಿಗೆ ಮಾಡುವುದು. ಮದುವೆಯಾಗದ ಹುಡುಗಿ ಸ್ಕ್ಯಾನಿಂಗ್ ಸೆಂಟರಿನ ಹೊರಗೆ ಕುರ್ಚಿಯಲ್ಲಿ ಕೂತಿದ್ದನ್ನು ಯಾರಾದರೂ ಗುರುತಿನವರು ನೋಡಿದರೆ ಏನು ಗತಿ? ವಿರಾಜಪೇಟೆ, ಗೋಣಿಕೊಪ್ಪದಂಥ ಊರಿನಲ್ಲಿ ಗುರುತಿನವರ ಕಣ್ಣಿಗೆ ಬೀಳದ ಕುರ್ಚಿ ಎಲ್ಲಿದೆ ಹೇಳಿ. ಅದಕ್ಕೇ ‘ಮೈಸೂರಿಗೆ ಹೋದಾಗ ತೋರಿಸೋಣ’ ಅನ್ನುತ್ತಾರೆ. ಮೈಸೂರಿಗೆ ಹೋಗುವುದು ಪುತ್ತರಿ ಹಬ್ಬ ಕಳೆದ ಮೇಲೆ, ಕಾಫಿ ಕುಯ್ಲು ಮುಗಿದ ಮೇಲೆ, ತಂಗಿಯ ಪರೀಕ್ಷೆ ಆದ ಮೇಲೆ. ಅಷ್ಟರಲ್ಲಿ ಅರ್ಧ ವರ್ಷ ಹೋಗಿರುತ್ತದೆ. ಆ ಅರ್ಧ ವರ್ಷವೂ ಹುಡುಗಿ ರಾತ್ರಿ ಮಲಗಿದಾಗ ಎದೆಯ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಂಡು ನಿದ್ದೆ ಕೆಡಿಸಿಕೊಂಡಿರುತ್ತಾಳೆ. ಅವಳ ಗಂಟು ಹೆಚ್ಚಿನ ಪಾಲು ಏನೂ ಅಪಾಯದ್ದಲ್ಲ. ಇಪ್ಪತ್ತು ನಿಮಿಷದಲ್ಲಿ ಅದನ್ನು ಹೇಳಬಹುದಿತ್ತು.

ಹೊರಗೆ ಒಬ್ಬರು ಕೇಳಿದರು, ‘ಮೇಡಂ, ಯಂತ್ರ ತಂದಿದ್ದರೆ ಇಲ್ಲೇ ಎಲ್ಲರಿಗೂ ಒಮ್ಮೆ ನೋಡಿಬಿಡಬಹುದಿತ್ತಲ್ಲ?’ ತರುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಗೆ 1994ರಲ್ಲಿ ಬಂದ ಕಾನೂನಿನಡಿ ಪ್ರತಿಯೊಂದು ಅಲ್ಟ್ರಾಸೌಂಡ್ ಯಂತ್ರವೂ ಒಂದು ಜಾಗದ ಹೆಸರಿನಲ್ಲಿ ನೋಂದಣಿಯಾಗಿರುತ್ತದೆ. ಚೀಲದಲ್ಲಿ ಹಾಕಿಕೊಂಡು ಊರೂರು ಸುತ್ತಿದರೆ ಯಂತ್ರಕ್ಕೂ ಬೀಗ, ನನಗೂ ಕೋರ್ಟು. ‘ಇಲ್ಲಿ ಗಂಡೋ ಹೆಣ್ಣೋ ಹೇಳುವುದಿಲ್ಲ’ ಎಂದು ಪ್ರತಿ ಸೆಂಟರಿನ ಗೋಡೆಯ ಮೇಲೆ ಬೋರ್ಡು ಇರುತ್ತದಲ್ಲ, ಅದೂ ಇದೇ ಕಾನೂನಿನದು. ಆ ಬೋರ್ಡಿನ ಕೆಳಗೆ ಕೂತವರೆಲ್ಲ ಬಸುರಿಯರೇ ಅಂದುಕೊಳ್ಳುವುದು ನಮ್ಮ ತಪ್ಪು ಕಲ್ಪನೆ. ಕಿಡ್ನಿ ಕಲ್ಲಿನವರು, ಥೈರಾಯ್ಡಿನವರು, ಪಿತ್ತಕೋಶದ ನೋವಿನವರು, ಎಲ್ಲರೂ ಅಲ್ಲೇ ಕೂತಿರುತ್ತಾರೆ. ಯಂತ್ರ ತರಬಹುದಾಗಿದ್ದರೂ ಇಲ್ಲಿ ಕೂತ ಎಲ್ಲರಿಗೂ ನಾನು ನೋಡುತ್ತಿರಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಯಂತ್ರದ ವಿಷಯ. ಅದರಲ್ಲಿ ಎಕ್ಸ್‌ರೇ ಇಲ್ಲ, ಕರೆಂಟು ಮೈಗೆ ತಾಗುವುದಿಲ್ಲ, ಬರೀ ಶಬ್ದ. ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನದವರೆಗಿನ ಶಬ್ದ ಕೇಳುತ್ತದೆ. ಎದೆ ನೋಡಲು ಮೈಮೇಲೆ ಆಡಿಸುವ ಹಿಡಿ, ಅಂದರೆ ಪ್ರೋಬ್, ಹೊರಡಿಸುವುದು ಸೆಕೆಂಡಿಗೆ ಒಂದು ಕೋಟಿ ಕಂಪನಕ್ಕೂ ಮೇಲಿನ ಶಬ್ದ. ಅದು ಒಳಗೆ ಹೋಗಿ, ಒಂದು ಬಗೆಯ ಅಂಗಾಂಶ ಮುಗಿದು ಇನ್ನೊಂದು ಶುರುವಾಗುವ ಗಡಿಗೆ ತಾಗಿ ವಾಪಸ್ ಬರುತ್ತದೆ. ವಾಪಸ್ ಬರಲು ಎಷ್ಟು ಹೊತ್ತಾಯಿತು, ಎಷ್ಟು ಜೋರಾಗಿ ಬಂತು ಎಂಬುದರ ಮೇಲೆ ಪರದೆಯಲ್ಲಿ ಕಪ್ಪು ಬಿಳುಪು ಚಿತ್ರ ಮೂಡುತ್ತದೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಅಲ್ಟ್ರಾಸೌಂಡ್ ಹುಟ್ಟಿದ್ದೇ ಹೊಟ್ಟೆಯೊಳಗಿನ ಮಗು ನೋಡಲಿಕ್ಕೆ ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ಈ ಯಂತ್ರದ ಮೊದಲ ಕೆಲಸಗಳಲ್ಲೇ ಎದೆಗಂಟೂ ಒಂದು. ಜಾನ್ ವೈಲ್ಡ್ ಅಂತ ಬ್ರಿಟನ್ನಿನ ಸರ್ಜನ್. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬು ಬೀಳುತ್ತಿದ್ದಾಗ ಕರುಳು ಊದಿಕೊಂಡು ಬಂದವರನ್ನು ನೋಡಿಕೊಂಡಿದ್ದವರು. ಯುದ್ಧ ಮುಗಿದ ಮೇಲೆ ಅಮೆರಿಕದ ಮಿನ್ನೆಸೋಟಾಕ್ಕೆ ಹೋದರು. ಕರುಳಿನ ಗೋಡೆಯ ದಪ್ಪವನ್ನು ಶಬ್ದದಿಂದ ಅಳೆಯಲಾದೀತೇ ಎಂದು ನೋಡಹೊರಟ ಅವರ ಕೈಗೆ ಸಿಕ್ಕಿದ್ದು ನೌಕಾಪಡೆಯವರು ವಿಮಾನ ಚಾಲಕರಿಗೆ ರೇಡಾರ್ ಕಲಿಸಲು ಇಟ್ಟುಕೊಂಡಿದ್ದ ಒಂದು ಯಂತ್ರ. 1950ರ ದಶಕದ ಮೊದಲ ವರ್ಷಗಳಲ್ಲಿ ಜಾನ್ ರೀಡ್ ಎಂಬ ಎಂಜಿನಿಯರ್ ಜೊತೆ ಸೇರಿ ಹೆಂಗಸರ ಎದೆಗಂಟಿನ ಮೇಲೆ ಶಬ್ದ ಹಾಯಿಸಿದರು. ಕ್ಯಾನ್ಸರ್ ಗಂಟಿನಿಂದ ಬರುವ ಪ್ರತಿಧ್ವನಿ ಬೇರೆ, ಸಾಧಾರಣ ಗಂಟಿನದು ಬೇರೆ ಎಂದು ತೋರಿಸಿದರು. ಹಾಗಾಗಿ ‘ಎದೆಗೂ ಸ್ಕ್ಯಾನಿಂಗ್ ಬಂತಾ ಈಗ?’ ಅಂತ ಯಾರಾದರೂ ಕೇಳಿದರೆ, ಈಗ ಬಂದದ್ದಲ್ಲ, ಎಪ್ಪತ್ತು ವರ್ಷ ದಾಟಿದೆ ಅನ್ನಿ.

ಹಾಗಾದರೆ ಮ್ಯಾಮೊಗ್ರಾಮ್ ಯಾಕೆ ಬೇಡ? ಅಕ್ಟೋಬರ್ ಎದೆ ಕ್ಯಾನ್ಸರ್ ಜಾಗೃತಿಯ ತಿಂಗಳು, ಅದು ಬಂದರೆ ಟಿವಿಯಲ್ಲಿ, ಪೇಪರಿನಲ್ಲಿ ಅದೇ ಹೆಸರು. ಮ್ಯಾಮೊಗ್ರಾಮ್ ಅಂದರೆ ಎದೆಯ ಎಕ್ಸ್‌ರೇ. ಅದರಲ್ಲಿ ಕೊಬ್ಬು ಕಪ್ಪಾಗಿ ಕಾಣುತ್ತದೆ, ಹಾಲಿನ ಗ್ರಂಥಿ ಬೆಳ್ಳಗೆ, ಗಂಟೂ ಬೆಳ್ಳಗೆ. ವಯಸ್ಸಾದವರ ಎದೆಯಲ್ಲಿ ಕೊಬ್ಬು ಹೆಚ್ಚು, ಅಲ್ಲಿ ಬಿಳಿ ಗಂಟು ಎದ್ದು ಕಾಣುತ್ತದೆ. ಇಪ್ಪತ್ತು ಇಪ್ಪತ್ತೈದರವರ ಎದೆ ತುಂಬ ಗ್ರಂಥಿ. ಜುಲೈ ತಿಂಗಳ ಮಡಿಕೇರಿ ಮಂಜಿನಲ್ಲಿ ಬಿಳಿ ಕಾರು ಹುಡುಕಿದ ಹಾಗೆ ಆಗುತ್ತದೆ. ಅಲ್ಟ್ರಾಸೌಂಡಿನಲ್ಲಿ ಗ್ರಂಥಿ ಬೆಳ್ಳಗೆ, ಹೆಚ್ಚಿನ ಗಂಟುಗಳು ಕಪ್ಪು ಅಥವಾ ಬೂದು. ಗಟ್ಟಿ ಗಂಟೋ ನೀರುಗುಳ್ಳೆಯೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ವಿಕಿರಣ ಇಲ್ಲ. ಬಸುರಿಗೂ ಮಾಡಬಹುದು, ಬಾಣಂತಿಗೂ ಮಾಡಬಹುದು. ಅದಕ್ಕೇ ಗಂಟು ಕೈಗೆ ಸಿಕ್ಕಿದೆ, ವಯಸ್ಸು 30ಕ್ಕಿಂತ ಕಡಿಮೆ ಅಂದರೆ ಮೊದಲ ಪರೀಕ್ಷೆ ಅಲ್ಟ್ರಾಸೌಂಡ್. 30ರಿಂದ 39ರವರೆಗೆ ಎರಡರಲ್ಲಿ ಯಾವುದರಿಂದ ಬೇಕಾದರೂ ಶುರು ಮಾಡಬಹುದು. 40 ದಾಟಿದರೆ ಮೊದಲು ಮ್ಯಾಮೊಗ್ರಾಮ್, ಆಮೇಲೆ ಅಲ್ಟ್ರಾಸೌಂಡ್.

30ರಿಂದ 39ರವರ ವಿಷಯದಲ್ಲಿ ನನ್ನ ಮನಸ್ಸು ಅಲ್ಟ್ರಾಸೌಂಡ್ ಕಡೆಗೇ. ಅದಕ್ಕೆ ಆಧಾರವಿದೆ. ಅಮೆರಿಕದ ಸಿಯಾಟಲ್‌ನಲ್ಲಿ ಆ ವಯಸ್ಸಿನ, ಗಂಟು ನೋವು ಅಂತ ಬಂದ ಹೆಂಗಸರ 1,208 ಪ್ರಕರಣಗಳನ್ನು ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಕ್ಯಾನ್ಸರ್ ಇದ್ದದ್ದು 23. ಅಲ್ಟ್ರಾಸೌಂಡ್ ಅದರಲ್ಲಿ 22 ಹಿಡಿಯಿತು, ಮ್ಯಾಮೊಗ್ರಾಮ್ 14 ಹಿಡಿಯಿತು. ಇದರಲ್ಲಿ ಇನ್ನೊಂದು ಮಾತನ್ನೂ ಗಮನಿಸಿ. ಸಾವಿರದ ಇನ್ನೂರರಲ್ಲಿ ಇಪ್ಪತ್ಮೂರು. ಗಂಟು ಅಂದ ತಕ್ಷಣ ಕ್ಯಾನ್ಸರ್ ಅಂದುಕೊಂಡು ಅಳುವವರಿಗೆ ಈ ಲೆಕ್ಕ ಹೇಳಿ. ಇಪ್ಪತ್ತರ ಹರೆಯದಲ್ಲಿ ಅದು ಇನ್ನೂ ಕಡಿಮೆ.

ಕೋಣೆಯೊಳಗೆ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ, ಅರ್ಧ ಹೆದರಿಕೆ ಅದರದ್ದೇ. ಮೊದಲನೆಯದಾಗಿ, ಇದಕ್ಕೆ ನೀರು ಕುಡಿದು ಮೂತ್ರ ಕಟ್ಟಿಕೊಂಡು ಬರಬೇಕಾಗಿಲ್ಲ. ನಗಬೇಡಿ, ಪ್ರತಿ ವಾರ ಯಾರಾದರೂ ಒಬ್ಬಳು ಲೀಟರ್ ನೀರು ಕುಡಿದು ಚಡಪಡಿಸುತ್ತಾ ಕೂತಿರುತ್ತಾಳೆ. ಅಕ್ಕನಿಗೆ ಹೊಟ್ಟೆ ಸ್ಕ್ಯಾನಿಂಗ್ ಮಾಡುವಾಗ ಹಾಗೆ ಹೇಳಿದ್ದರಂತೆ. ಉಪವಾಸವೂ ಬೇಡ, ತಿಂಡಿ ತಿಂದು ಬನ್ನಿ. ಸೀರೆ ಅಥವಾ ಮುಂದೆ ಗುಂಡಿ ಇರುವ ಬಟ್ಟೆ ಇದ್ದರೆ ಅನುಕೂಲ. ಮುಟ್ಟಿನ ಯಾವ ದಿನದಲ್ಲಾದರೂ ಮಾಡಬಹುದು. ಆದರೆ ಮುಟ್ಟಿಗೆ ಮುಂಚಿನ ವಾರ ಎದೆ ಬಿಗಿದು ನೋಯುತ್ತಿರುವಾಗ ಎಲ್ಲವೂ ಗಂಟಿನ ಹಾಗೇ ಕೈಗೆ ಸಿಗುತ್ತದೆ. ನೋವು ಮಾತ್ರ ಇದ್ದು ಗಂಟು ಖಾತ್ರಿ ಇಲ್ಲದವರು ಮುಟ್ಟು ಮುಗಿದ ಮೇಲೆ ಇನ್ನೊಮ್ಮೆ ಮುಟ್ಟಿ ನೋಡಿ, ಅದು ಇನ್ನೂ ಇದ್ದರೆ ಬನ್ನಿ.

ಪರೀಕ್ಷೆ ಮಾಡುವವರು ಗಂಡಸು ಡಾಕ್ಟರ್ ಆಗಿರಬಹುದು. ಕೊಡಗಿನಲ್ಲಿ ರೇಡಿಯಾಲಜಿಸ್ಟರೇ ಕಡಿಮೆ, ಹೆಂಗಸರೇ ಬೇಕು ಅಂತ ಕಾದರೆ ತಡವಾಗುತ್ತದೆ. ಆದರೆ ಕೋಣೆಯಲ್ಲಿ ನರ್ಸ್ ಅಥವಾ ಆಯಾ ಒಬ್ಬರು ಇರಲಿ ಅಂತ ಕೇಳುವುದು ನಿಮ್ಮ ಹಕ್ಕು. ಅಮ್ಮನೋ ಅಕ್ಕನೋ ಜೊತೆಗಿರಲಿ ಅಂತಲೂ ಕೇಳಿ. ಅಮ್ಮ ಹೊರಗೇ ಇರಲಿ ಅನ್ನಿಸಿದರೆ ಅದನ್ನೂ ಹೇಳಬಹುದು, ಕೆಲವು ಪ್ರಶ್ನೆಗಳಿಗೆ ಅಮ್ಮನ ಎದುರು ಉತ್ತರ ಬರುವುದಿಲ್ಲ ಅಂತ ನಮಗೂ ಗೊತ್ತು.

ಮಲಗಿ ಕೈಯನ್ನು ತಲೆಯ ಮೇಲಕ್ಕೆ ಇಡಬೇಕು. ತಣ್ಣಗಿನ ಜೆಲ್ ಹಚ್ಚುತ್ತಾರೆ. ನಮ್ಮ ಮಳೆಗಾಲದಲ್ಲಿ ಅದು ನಿಜವಾಗಿಯೂ ಮೈ ಜುಮ್ಮೆನಿಸುತ್ತದೆ. ಆಮೇಲೆ ‘ಗಂಟು ಎಲ್ಲಿದೆ, ಬೆರಳಿಟ್ಟು ತೋರಿಸಿ’ ಅನ್ನುತ್ತಾರೆ. ಅನ್ನದಿದ್ದರೆ ನೀವೇ ತೋರಿಸಿ. ಎದೆಯ ಸ್ಕ್ಯಾನಿಂಗಿನಲ್ಲಿ ನಿಮ್ಮ ಬೆರಳಿಗಿಂತ ಒಳ್ಳೆಯ ದಾರಿ ತೋರುಗ ಇಲ್ಲ. ಮಲಗಿದರೆ ಸಿಗದ ಗಂಟು ಕೆಲವರಿಗೆ ಕೂತಾಗ ಸಿಗುತ್ತದೆ, ಆಗ ಕೂತೇ ತೋರಿಸಿ, ಕೂತೇ ನೋಡಬಹುದು. ಎರಡೂ ಕಡೆ, ಎರಡು ಕಂಕುಳು, ಎಲ್ಲ ನೋಡಲು ಹದಿನೈದು ಇಪ್ಪತ್ತು ನಿಮಿಷ. ಇನ್ನೊಂದು ವಿಷಯ, ಹೊಟ್ಟೆ ನೋಡುವ ಬಾಗಿದ ದೊಡ್ಡ ಪ್ರೋಬಿನಲ್ಲಿ ಎದೆ ನೋಡಿದರೆ ಸಾಲದು. ಆಳಕ್ಕೆ ಹೋಗುವ ಶಬ್ದದಲ್ಲಿ ಸೂಕ್ಷ್ಮ ಕಾಣುವುದಿಲ್ಲ. ಎದೆಗೆ ಬೇಕಾದದ್ದು ನೇರ ಅಂಚಿನ, ಹೆಚ್ಚು ಕಂಪನದ ಪ್ರೋಬ್, ಥೈರಾಯ್ಡ್ ನೋಡುವಂಥದ್ದು.

ಈಗ ಪರದೆಯ ಮೇಲೆ ಕಾಣುವುದೇನು. ನೀರುಗುಳ್ಳೆಯಾದರೆ ಒಳಗೆ ಪೂರ್ತಿ ಕಪ್ಪು, ತೆಳ್ಳನೆ ಗೋಡೆ, ಅದರ ಹಿಂದೆ ಬೆಳಕು ಹೆಚ್ಚಾದ ಪಟ್ಟಿ. ನೀರಿನಲ್ಲಿ ಶಬ್ದ ಸಲೀಸಾಗಿ ಹಾಯುವುದರಿಂದ ಹಾಗೆ. ಇಷ್ಟು ಕಂಡರೆ ಮಾತು ಮುಗಿಯಿತು, ಕ್ಯಾನ್ಸರ್ ಅಲ್ಲ. ನೋವಿದ್ದರೆ ಸೂಜಿಯಿಂದ ನೀರು ತೆಗೆಯುತ್ತಾರೆ, ಇಲ್ಲದಿದ್ದರೆ ಬಿಟ್ಟುಬಿಡುತ್ತಾರೆ.

ಎಳೆ ವಯಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಸಿಗುವುದು ಫೈಬ್ರೊಅಡಿನೋಮ. ಹದಿನೈದರಿಂದ ಮೂವತ್ತೈದರ ಒಳಗಿನವರಲ್ಲಿ ಗಟ್ಟಿ ಗಂಟು ಅಂದರೆ ಬಹುಪಾಲು ಇದೇ. ಮುಟ್ಟಿದರೆ ರಬ್ಬರಿನಂತೆ ಗಟ್ಟಿ, ಬೆರಳು ಒತ್ತಿದರೆ ಜಾರಿಕೊಂಡು ಪಕ್ಕಕ್ಕೆ ಹೋಗುತ್ತದೆ, ನೋವಿರುವುದಿಲ್ಲ. ಪರದೆಯಲ್ಲಿ ಅಂಡಾಕಾರ, ಅಂಚು ನಯ, ಚರ್ಮಕ್ಕೆ ಸಮಾನಾಂತರವಾಗಿ ಮಲಗಿರುತ್ತದೆ, ಎತ್ತರಕ್ಕಿಂತ ಅಗಲ ಹೆಚ್ಚು. ನಾವು ನೋಡುವುದರಲ್ಲಿ ಈ ‘ಮಲಗಿದೆಯೋ ನಿಂತಿದೆಯೋ’ ಎಂಬುದು ಬಹಳ ಮುಖ್ಯ. ಸಾಧು ಗಂಟು, ಅಂದರೆ ಕ್ಯಾನ್ಸರ್ ಅಲ್ಲದ್ದು, ಅಂಗಾಂಶದ ಪದರಗಳ ನಡುವೆ ಜಾಗ ಮಾಡಿಕೊಂಡು ಬೆಳೆಯುತ್ತದೆ. ಕ್ಯಾನ್ಸರ್ ಪದರ ಸೀಳಿಕೊಂಡು ಮೇಲೆ ಕೆಳಗೆ ಹೋಗುತ್ತದೆ, ಅಗಲಕ್ಕಿಂತ ಎತ್ತರ ಹೆಚ್ಚು, ಅಂಚು ಮುಳ್ಳುಮುಳ್ಳು, ಹಿಂದೆ ಕಪ್ಪು ನೆರಳು. ಥಾಮಸ್ ಸ್ಟಾವ್ರೋಸ್ ಎಂಬ ರೇಡಿಯಾಲಜಿಸ್ಟ್ ಮತ್ತು ಅವರ ಜೊತೆಗಾರರು 1995ರಲ್ಲಿ 750 ಗಟ್ಟಿ ಗಂಟುಗಳನ್ನು ಹೀಗೆ ಲಕ್ಷಣ ನೋಡಿ ವಿಂಗಡಿಸಿದರು. ಎಲ್ಲದಕ್ಕೂ ಬಯಾಪ್ಸಿ, ಅಂದರೆ ಗಂಟಿನ ತುಂಡು ತೆಗೆದು ನೋಡುವ ಪರೀಕ್ಷೆ, ಆಗಿತ್ತು. ‘ಇದು ಸಾಧು’ ಅಂತ ಅಲ್ಟ್ರಾಸೌಂಡ್ ಹೇಳಿದ್ದು 426 ಗಂಟುಗಳಿಗೆ, ಅದರಲ್ಲಿ ಕ್ಯಾನ್ಸರ್ ಬಂದದ್ದು ಎರಡು. ಅಲ್ಲಿಯವರೆಗೆ ಗಟ್ಟಿ ಗಂಟು ಅಂದರೆ ಕೊಯ್ದು ನೋಡು ಅನ್ನುತ್ತಿದ್ದವರು ಕೈ ತಡೆದದ್ದಕ್ಕೆ ಆ ಲೆಕ್ಕವೂ ದೊಡ್ಡ ಕಾರಣ.

ಇಲ್ಲಿಂದ ರಿಪೋರ್ಟಿಗೆ ಬರೋಣ. ಇವತ್ತು ನಾನು ಹೇಳಿದ ಬೇರೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿಡಿ: ರಿಪೋರ್ಟನ್ನು ಕೊನೆಯಿಂದ ಓದಿ. ಮೇಲಿನ ಸಾಲುಗಳಲ್ಲಿ ಎಷ್ಟು ಮಿಲಿಮೀಟರ್, ಎಷ್ಟು ಗಂಟೆಯ ದಿಕ್ಕು ಅಂತೆಲ್ಲ ಇರುತ್ತದೆ, ಅದು ಡಾಕ್ಟರಿಗೆ. ಕೊನೆಗೆ ‘ಬೈ-ರಾಡ್ಸ್’ ಅಂತ ಬರೆದು ಒಂದು ಸಂಖ್ಯೆ ಇರುತ್ತದೆ. ಅಮೆರಿಕದ ರೇಡಿಯಾಲಜಿ ಕಾಲೇಜು 1993ರಲ್ಲಿ ಮ್ಯಾಮೊಗ್ರಾಮಿಗೆ ಅಂತ ಮಾಡಿದ್ದು, 2003ರಿಂದ ಅಲ್ಟ್ರಾಸೌಂಡಿಗೂ ಬಂತು. 1 ಅಂದರೆ ಏನೂ ಇಲ್ಲ. 2 ಅಂದರೆ ಇದೆ, ಆದರೆ ಖಂಡಿತ ಸಾಧು. 3 ಅಂದರೆ ಸಾಧುವೇ ಇರಬೇಕು, ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ, ಆರು ತಿಂಗಳಿಗೆ, ವರ್ಷಕ್ಕೆ, ಎರಡು ವರ್ಷಕ್ಕೆ ಮತ್ತೆ ನೋಡಿ. 4 ಅಂದರೆ ಸೂಜಿ ಪರೀಕ್ಷೆ, ಅಂದರೆ ಸೂಜಿಯಿಂದ ಬಯಾಪ್ಸಿ, ಬೇಕು. ಇದರಲ್ಲಿ 4ಎ, 4ಬಿ, 4ಸಿ ಅಂತ ಮೂರು ಮೆಟ್ಟಿಲು. 4ಎಯಲ್ಲಿ ಸಾಧ್ಯತೆ ನೂರಕ್ಕೆ ಎರಡರಿಂದ ಹತ್ತು. ಅಂದರೆ 4ಎ ಬಂದ ಹುಡುಗಿಯರಲ್ಲೂ ಹತ್ತರಲ್ಲಿ ಒಂಬತ್ತು ಜನಕ್ಕೆ ಕ್ಯಾನ್ಸರ್ ಇರುವುದಿಲ್ಲ. 5 ಅಂದರೆ ನೂರಕ್ಕೆ ತೊಂಬತ್ತೈದರ ಮೇಲೆ. 0 ಅಂದರೆ ಸೊನ್ನೆ ತೊಂದರೆ ಅಂತ ಅಲ್ಲ, ಪರೀಕ್ಷೆ ಪೂರ್ತಿಯಾಗಿಲ್ಲ, ಇನ್ನೊಂದು ಚಿತ್ರ ಬೇಕು ಅಂತ. ಹೋದ ವರ್ಷ ಒಂದು ಕುಟುಂಬ ಸೊನ್ನೆ ನೋಡಿ ಸಂತೋಷಪಟ್ಟು ಮನೆಗೆ ಹೋಗಿಬಿಟ್ಟಿತ್ತು.

ಸಂಖ್ಯೆಯ ಕೆಳಗೆ ಮುಂದೇನು ಮಾಡಬೇಕು ಅಂತ ಒಂದು ಸಾಲು ಇರಬೇಕು. ಇಲ್ಲದಿದ್ದರೆ ಅಲ್ಲೇ ನಿಂತು ಕೇಳಿ. ಆ ಸಾಲು ಇಲ್ಲದ ರಿಪೋರ್ಟು ಅರ್ಧ ರಿಪೋರ್ಟು.

3ರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಮನೆಯಲ್ಲಿ ಜಗಳ ಆಗುವುದು ಅಲ್ಲೇ. ಪೊನ್ನಂಪೇಟೆ ಕಡೆಯ ಒಬ್ಬ ವಿದ್ಯಾರ್ಥಿನಿ, ಹತ್ತೊಂಬತ್ತು ವರ್ಷ. ಎರಡು ಸೆಂಟಿಮೀಟರ್ ಫೈಬ್ರೊಅಡಿನೋಮ, ಎಲ್ಲ ಲಕ್ಷಣವೂ ಸಾಧು. ಆರು ತಿಂಗಳ ಮೇಲೆ ಬಾ ಅಂದೆ. ಅವಳು ಸರಿ ಅಂದಳು. ಅವಳ ಅಮ್ಮ ಎದ್ದು ನಿಂತರು. ‘ಮದುವೆ ಮಾಡುವ ಹುಡುಗಿ ಮೇಡಂ, ಗಂಟು ಇಟ್ಟುಕೊಂಡು ಹೇಗೆ? ತೆಗೆಸಿಬಿಡಿ.’ ನಾನು ಕೇಳಿದೆ, ‘ಅಕ್ಕಾ, ತೆಗೆಸಿದರೆ ಕೊಯ್ದ ಗುರುತು ಉಳಿಯುತ್ತದೆ, ಅದನ್ನು ಹೇಗೆ ಹೇಳುತ್ತೀರಿ?’ ಅವರು ಸುಮ್ಮನಾದರು. ಆಮೇಲೆ, ‘ಕ್ಯಾನ್ಸರ್ ಆಗಿ ತಿರುಗುವುದಿಲ್ಲ ಅಲ್ವಾ?’ ಅಂದರು. ಅದೇ ಅವರ ನಿಜವಾದ ಪ್ರಶ್ನೆ. ಸಾಧಾರಣ ಫೈಬ್ರೊಅಡಿನೋಮ ಕ್ಯಾನ್ಸರ್ ಆಗುವುದು ತೀರ ಅಪರೂಪ. ಎಷ್ಟೋ ಗಂಟುಗಳು ಹಾಗೇ ಇರುತ್ತವೆ, ಕೆಲವು ತಾವಾಗಿ ಕುಗ್ಗುತ್ತವೆ. ಬಸುರಿನಲ್ಲಿ ಸ್ವಲ್ಪ ದೊಡ್ಡದಾಗಬಹುದು, ಮುಟ್ಟು ನಿಂತ ಮೇಲೆ ಸಣ್ಣದಾಗುತ್ತದೆ. ತೆಗೆಯುವುದಕ್ಕೆ ಕಾರಣ ಬೇರೆ ಇವೆ: ಬೇಗ ಬೆಳೆಯುತ್ತಿದೆ, ದೊಡ್ಡದಾಗಿ ಎದೆಯ ಆಕಾರ ಕೆಡಿಸುತ್ತಿದೆ, ಬಯಾಪ್ಸಿಯಲ್ಲಿ ಅನುಮಾನ ಉಳಿದಿದೆ, ಅಥವಾ ಹುಡುಗಿಗೇ ಅದು ಬೇಡವಾಗಿದೆ. ಹುಡುಗಿಗೆ ಬೇಡವಾಗಿದ್ದರೆ, ಅತ್ತೆಯಾಗುವವರಿಗೆ ಅಲ್ಲ. ಆರು ತಿಂಗಳಲ್ಲಿ ಗಂಟಿನ ಉದ್ದ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಬೆಳೆದರೆ ನಾವು ಕಾಯುವುದನ್ನು ಬಿಟ್ಟು ಸೂಜಿ ಹಾಕುತ್ತೇವೆ. ಫಿಲ್ಲೋಡಿಸ್ ಅಂತ ಇನ್ನೊಂದು ಗಡ್ಡೆ ಇದೆ, ನೋಡಲು ಫೈಬ್ರೊಅಡಿನೋಮದ ಅಕ್ಕನ ಹಾಗೆ, ಆದರೆ ಬೇಗ ಬೇಗ ಬೆಳೆಯುತ್ತದೆ. ಅದನ್ನು ಬಿಡುವ ಹಾಗಿಲ್ಲ.

ಇನ್ನು ಅಲ್ಟ್ರಾಸೌಂಡಿನ ಮಿತಿ. ಇದನ್ನು ಹೇಳದೆ ಹೋದರೆ ನಾನು ಯಂತ್ರದ ಏಜೆಂಟ್ ಆಗಿಬಿಡುತ್ತೇನೆ. ಎಳೆ ವಯಸ್ಸಿನವರಲ್ಲಿ ಬರುವ ಕೆಲವು ಕ್ಯಾನ್ಸರುಗಳು, ವಿಶೇಷವಾಗಿ ಬೇಗ ಬೆಳೆಯುವ ಟ್ರಿಪಲ್ ನೆಗೆಟಿವ್ ಬಗೆಯವು, ಮುಳ್ಳುಮುಳ್ಳಾಗಿ ಕಾಣುವುದಿಲ್ಲ. ದುಂಡಗೆ, ಅಂಚು ನಯವಾಗಿ, ಸಾಧು ಗಂಟಿನ ವೇಷದಲ್ಲಿ ಬರುತ್ತವೆ. ಸುಂಟಿಕೊಪ್ಪ ಕಡೆಯ ತೋಟದ ಕೂಲಿಯವರ ಲೈನ್ ಮನೆಯಿಂದ ಮೂವತ್ತೆರಡು ವರ್ಷದ ತಾಯಿ ಬಂದಿದ್ದರು. ಮಗು ಎದೆಹಾಲು ಬಿಟ್ಟು ಕೆಲವು ತಿಂಗಳಾಗಿತ್ತು. ಎಲ್ಲರೂ ಹಾಲು ಕಟ್ಟಿದ ಗಂಟು ಅಂದಿದ್ದರು. ಬಿಸಿ ಶಾಖ ಕೊಟ್ಟು, ಸೊಪ್ಪು ಅರೆದು ಹಚ್ಚಿ, ಚರ್ಮ ಸುಟ್ಟ ಹಾಗೆ ಕೆಂಪಾಗಿತ್ತು. ಪರದೆಯಲ್ಲಿ ಗಂಟು ದುಂಡು, ನಯ. ಆದರೆ ಒಂದು ಕಡೆ ಅಂಚು ಸ್ವಲ್ಪ ಮಸುಕು, ಒಳಗೆ ರಕ್ತದ ಓಡಾಟ ಜೋರು, ಕಂಕುಳಿನಲ್ಲಿ ಒಂದು ಗ್ರಂಥಿ ದಪ್ಪ. ಮುಖ್ಯವಾಗಿ, ಅವರೇ ಹೇಳಿದರು, ‘ಎರಡು ತಿಂಗಳಲ್ಲಿ ಎರಡರಷ್ಟಾಗಿದೆ’ ಅಂತ. ಆ ಮಾತು ಚಿತ್ರಕ್ಕಿಂತ ದೊಡ್ಡದು. ಸೂಜಿ ಹಾಕಿದೆವು, ಕ್ಯಾನ್ಸರ್ ಬಂತು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ತೆಗೆದುಕೊಂಡರು. ಈಗಲೂ ತಪಾಸಣೆಗೆ ಬರುತ್ತಾರೆ.

ಅದಕ್ಕೇ ನಾವು ಮೂರನ್ನು ಜೊತೆಗಿಟ್ಟು ನೋಡುವುದು: ಕೈಗೆ ಏನು ಸಿಕ್ಕಿತು, ಪರದೆಯಲ್ಲಿ ಏನು ಕಂಡಿತು, ಸೂಜಿಯಲ್ಲಿ ಏನು ಬಂತು. ಮೂರೂ ಒಂದೇ ಮಾತು ಹೇಳಿದರೆ ನಂಬುತ್ತೇವೆ. ಸ್ಕ್ಯಾನಿಂಗ್ ನಾರ್ಮಲ್, ಆದರೆ ಗಂಟು ಕಲ್ಲಿನ ಹಾಗೆ ಗಟ್ಟಿ, ಜಾಗ ಬಿಟ್ಟು ಅಲ್ಲಾಡುವುದಿಲ್ಲ ಅಂದರೆ ಬೈ-ರಾಡ್ಸ್ 1 ಅಂತ ಬರೆದ ಕಾಗದ ಹಿಡಿದುಕೊಂಡು ಮನೆಗೆ ಹೋಗಬೇಡಿ. ಸ್ಕ್ಯಾನಿಂಗಿನಲ್ಲಿ ಅನುಮಾನದ ಗಂಟು ಕಂಡರೆ ವಯಸ್ಸು ಇಪ್ಪತ್ತಾರೇ ಇರಲಿ, ಆಗ ಮ್ಯಾಮೊಗ್ರಾಮ್ ಕೂಡ ಮಾಡುತ್ತೇವೆ. ಕೆಲವು ಕ್ಯಾನ್ಸರುಗಳಲ್ಲಿ ಕೂಡುವ ಸುಣ್ಣದ (ಕ್ಯಾಲ್ಸಿಯಂ) ಸಣ್ಣ ಚುಕ್ಕಿಗಳು ಅಲ್ಟ್ರಾಸೌಂಡಿಗೆ ಸರಿಯಾಗಿ ಸಿಗುವುದಿಲ್ಲ, ಮ್ಯಾಮೊಗ್ರಾಮಿನಲ್ಲಿ ಕಾಣುತ್ತವೆ.

ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ಈ ಜಿಲ್ಲೆಯಲ್ಲಿ ಎಷ್ಟು ಜೀವ ತಿಂದಿದೆಯೋ. ಹರಡುವುದಿಲ್ಲ. ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಪರದೆ ನೋಡಿಕೊಂಡೇ ಸೂಜಿ ಗಂಟಿನೊಳಗೆ ಹೋಗುವುದನ್ನು ಕಣ್ಣಾರೆ ಕಂಡು ದಾರದೆಳೆಯಂಥ ತುಂಡು ತೆಗೆಯುತ್ತೇವೆ. ‘ಟಕ್’ ಅಂತ ಸದ್ದು ಬರುತ್ತದೆ, ಮೊದಲೇ ಹೇಳಿರುತ್ತೇವೆ, ಇಲ್ಲದಿದ್ದರೆ ಬೆಚ್ಚಿ ಬೀಳುತ್ತೀರಿ. ಹೊಲಿಗೆ ಇಲ್ಲ. ಮಧ್ಯಾಹ್ನದ ಬಸ್ಸಿಗೆ ಮನೆಗೆ ಹೋಗಬಹುದು.

ಬಾಣಂತಿಯರ ವಿಷಯ. ಹಾಲೂಡಿಸುವವರಿಗೆ ಜ್ವರ, ಎದೆ ಕೆಂಪು, ಗಂಟು ಅಂದರೆ ಕೀವು ಕಟ್ಟಿರಬಹುದು. ಅಲ್ಟ್ರಾಸೌಂಡಿನಲ್ಲಿ ಕೀವಿನ ಕುಳಿ ಕಾಣುತ್ತದೆ, ಅಲ್ಲೇ ಸೂಜಿಯಿಂದ ಎಳೆಯಬಹುದು, ಬಹಳ ಸಲ ಕೊಯ್ಯುವುದೇ ಬೇಕಾಗುವುದಿಲ್ಲ. ಆ್ಯಂಟಿಬಯೋಟಿಕ್ ಕೊಡುತ್ತಾರೆ. ಹಾಲೂಡಿಸುವುದನ್ನು ನಿಲ್ಲಿಸಬೇಡಿ, ನಿಲ್ಲಿಸಿದರೆ ಇನ್ನೂ ಕಟ್ಟಿಕೊಳ್ಳುತ್ತದೆ. ಒಂದು ವಾರ ಎರಡು ವಾರದ ಔಷಧಿಯ ಮೇಲೂ ಕೆಂಪು ಇಳಿಯದಿದ್ದರೆ ಮತ್ತೆ ಸ್ಕ್ಯಾನಿಂಗ್, ಮತ್ತೆ ಸೂಜಿ. ನಮ್ಮ ದೇಶದಲ್ಲಿ ಅಪರೂಪಕ್ಕೆ ಎದೆಗೂ ಕ್ಷಯ ಬರುತ್ತದೆ, ಅದನ್ನೂ ಮನಸ್ಸಿನಲ್ಲಿಟ್ಟಿರಬೇಕು.

ತಾಯಂದಿರಿಗೆ ಒಂದು ಮಾತು. ಒಂಬತ್ತು ಹತ್ತು ವರ್ಷದ ಮಗಳ ಮೊಲೆತೊಟ್ಟಿನ ಕೆಳಗೆ ಒಂದೇ ಕಡೆ ಸಣ್ಣ ಗಟ್ಟಿ ಗಂಟು, ಮುಟ್ಟಿದರೆ ನೋವು. ಗಾಬರಿಯಾಗಬೇಡಿ, ಎದೆ ಬೆಳೆಯಲು ಶುರುವಾಗಿದೆ ಅಷ್ಟೆ. ಒಂದು ಕಡೆ ಮೊದಲು ಶುರುವಾಗುವುದು ಮಾಮೂಲು. ಅನುಮಾನ ಇದ್ದರೆ ಅಲ್ಟ್ರಾಸೌಂಡ್ ಮಾಡಿಸಿ, ಆದರೆ ದಯವಿಟ್ಟು ಅದಕ್ಕೆ ಸೂಜಿಯೋ ಕತ್ತರಿಯೋ ಹಾಕಿಸಬೇಡಿ. ಆ ಮೊಗ್ಗನ್ನು ಗಂಟು ಅಂತ ತೆಗೆದರೆ ಆ ಕಡೆಯ ಎದೆ ಮುಂದೆ ಬೆಳೆಯುವುದೇ ಇಲ್ಲ.

ಈಗ ಮೊದಲು ಬಿಟ್ಟುಬಿಟ್ಟ ಪ್ರಶ್ನೆ. ಗಂಟಿಲ್ಲದವರಿಗೂ ಒಮ್ಮೆ ನೋಡಿದರೆ ಏನು ತಪ್ಪು? ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಇಪ್ಪತ್ತೈದರ ಹುಡುಗಿಯರಿಗೂ ಎದೆಯ ಸ್ಕ್ಯಾನಿಂಗ್ ಸೇರಿಸಿ ಮಾರುತ್ತಿದ್ದಾರೆ. ನನಗೆ ಅದು ಇಷ್ಟವಿಲ್ಲ. ಏನೂ ತೊಂದರೆ ಇಲ್ಲದ ಎಳೆಯರನ್ನು ಸಾಲಾಗಿ ನೋಡಿದರೆ ಯಾರಿಗೂ ತೊಂದರೆ ಕೊಡದೆ ಇದ್ದುಬಿಡುತ್ತಿದ್ದ ಸಣ್ಣ ಗಂಟುಗಳು ಸಿಗುತ್ತವೆ. ಆಮೇಲೆ ಆರು ತಿಂಗಳಿಗೊಮ್ಮೆ ಓಡಾಟ, ಸೂಜಿ, ಹೆದರಿಕೆ. ತೊಂದರೆ ಇಲ್ಲದವರಲ್ಲಿ ಗಂಟು ಹುಡುಕಿದರೆ ಏನಾಗುತ್ತದೆ ಅಂತ ಸ್ಕ್ಯಾನಿಂಗಿನದ್ದಲ್ಲ, ಕೈ ಪರೀಕ್ಷೆಯ ಎರಡು ಅಧ್ಯಯನ ಹೇಳುತ್ತೇನೆ. ಶಾಂಘೈಯ ಬಟ್ಟೆ ಗಿರಣಿಗಳ 2.66 ಲಕ್ಷ ಹೆಂಗಸರ ಮೇಲೆ ನಡೆದ ಅಧ್ಯಯನ 2002ರಲ್ಲಿ ಹೊರಬಂತು. ಅರ್ಧ ಜನರಿಗೆ ಎದೆಯನ್ನು ತಾವೇ ತಿಂಗಳಿಗೊಮ್ಮೆ ಪರೀಕ್ಷಿಸಿಕೊಳ್ಳುವುದನ್ನು ಚೆನ್ನಾಗಿ ಕಲಿಸಿದ್ದರು. ವರ್ಷಗಳ ಮೇಲೆ ನೋಡಿದರೆ ಎರಡೂ ಗುಂಪಿನಲ್ಲಿ ಕ್ಯಾನ್ಸರ್ ಸಾವು ಹೆಚ್ಚುಕಡಿಮೆ ಒಂದೇ. ಕಲಿತವರಲ್ಲಿ ಸಾಧು ಗಂಟಿನ ಬಯಾಪ್ಸಿ ಮಾತ್ರ ಹೆಚ್ಚು. ಮುಂಬೈಯಲ್ಲಿ ಟಾಟಾ ಮೆಮೋರಿಯಲ್‌ನವರು 1998ರಿಂದ ಒಂದೂವರೆ ಲಕ್ಷ ಹೆಂಗಸರಲ್ಲಿ ನಡೆಸಿದ ಅಧ್ಯಯನದಲ್ಲಿ, ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ್ದರಿಂದ 50 ದಾಟಿದವರಲ್ಲಿ ಸಾವು ಸುಮಾರು ನೂರಕ್ಕೆ ಮೂವತ್ತು ಕಡಿಮೆಯಾಯಿತು. ಅದಕ್ಕಿಂತ ಎಳೆಯರಲ್ಲಿ ಅಂಥ ಲಾಭ ಸಿಗಲಿಲ್ಲ.

ಹಾಗಾಗಿ ಆಶಾ ಅಕ್ಕಂದಿರಿಗೆ ನನ್ನ ಕೋರಿಕೆ ಇಷ್ಟು. 30 ದಾಟಿದವರನ್ನು ನೀವು ಹೇಗೂ ಆರೋಗ್ಯ ಕೇಂದ್ರಕ್ಕೆ ತಪಾಸಣೆಗೆ ಕರೆದುಕೊಂಡು ಬರುತ್ತೀರಿ, ಅದು ನಡೆಯಲಿ. ಕಾಲೇಜು ಹುಡುಗಿಯರಿಗೆ ತಿಂಗಳಿಗೊಮ್ಮೆ ಒತ್ತಿ ನೋಡಿಕೊಳ್ಳಿ ಅಂತ ಹೆದರಿಸಬೇಡಿ. ಸ್ನಾನ ಮಾಡುವಾಗ ಕೈಗೆ ಹೊಸದೇನಾದರೂ ಸಿಕ್ಕಿದರೆ, ಚರ್ಮ ಒಳಗೆ ಎಳೆದ ಹಾಗೆ ಕಂಡರೆ, ತೊಟ್ಟಿನಿಂದ ರಕ್ತ ಬಂದರೆ, ಮುಚ್ಚಿಡದೆ ನಿಮಗೆ ಹೇಳುವ ಹಾಗಿರಲಿ. ಹೇಳಿದ ಮೇಲೆ ಎರಡು ವಾರದೊಳಗೆ ಸ್ಕ್ಯಾನಿಂಗ್ ಆಗಲಿ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರಿಂದ ದುಡ್ಡಿಲ್ಲ, ಆದರೆ ಕುಯ್ಲಿನ ಕಾಲದಲ್ಲಿ ತೋಟದವರಿಗೆ ಒಂದು ದಿನದ ಕೂಲಿ ಹೋಗುತ್ತದೆ. ತೋಟದ ಹಾಜರಿ ಬರೆಯುವ ರೈಟರ್ ಹತ್ತಿರ ರಜೆ ಕೇಳುವಾಗ ‘ಎದೆಗಂಟು’ ಅಂತ ಹೇಳಲು ಆಕೆಗೆ ಆಗುವುದಿಲ್ಲ. ಅಲ್ಲಿ ನೀವು ಒಂದು ಮಾತು ಹೇಳಿದರೆ ಕೆಲಸ ಆಗುತ್ತದೆ.

ಒಬ್ಬರು ಚೀಟಿಯಲ್ಲಿ ಕೇಳಿದ್ದಾರೆ: ಅಮ್ಮನಿಗೆ 38ರಲ್ಲಿ ಎದೆ ಕ್ಯಾನ್ಸರ್ ಬಂದಿತ್ತು, ತನಗೆ 24, ಅಲ್ಟ್ರಾಸೌಂಡ್ ಮಾಡಿಸಿಕೊಂಡರೆ ಸಾಕೇ? ನಿಮ್ಮ ಲೆಕ್ಕ ಬೇರೆ. ನಾನು ಈವರೆಗೆ ಹೇಳಿದ್ದು ಮನೆತನದಲ್ಲಿ ಕ್ಯಾನ್ಸರ್ ಇಲ್ಲದವರಿಗೆ. ಅಮ್ಮನಿಗೋ ಅಕ್ಕನಿಗೋ ಎಳೆ ವಯಸ್ಸಿನಲ್ಲಿ ಬಂದಿದ್ದರೆ, ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದಿದ್ದರೆ, ಕ್ಯಾನ್ಸರ್ ತಜ್ಞರನ್ನು ಕಂಡು ಜೀನ್ ಪರೀಕ್ಷೆಯ ಬಗ್ಗೆ ಮಾತಾಡಿ. ಸಾಧ್ಯವಿದ್ದರೆ ಮೊದಲು ಅಮ್ಮನಿಗೆ ಆ ಪರೀಕ್ಷೆ ಮಾಡಿಸಬೇಕು. ದೋಷದ ಜೀನ್ ಇದ್ದರೆ 25ರಿಂದಲೇ ವರ್ಷಕ್ಕೊಮ್ಮೆ ಎಂಆರ್‌ಐ ಹೇಳುತ್ತಾರೆ. ಅದರ ಬದಲಿಗೆ ಅಲ್ಟ್ರಾಸೌಂಡ್ ಸಾಲುವುದಿಲ್ಲ.

ಇನ್ನೊಂದು ಚೀಟಿ: ಮುಂದಿನ ಸಲ ಬರುವಾಗ ಏನು ತರಬೇಕು? ಹಳೆಯ ರಿಪೋರ್ಟು, ಹಳೆಯ ಚಿತ್ರ, ಎರಡೂ. ಗಂಟು ಬೆಳೆದಿದೆಯೋ ಇಲ್ಲವೋ ಹೇಳಲು ಹಳೆಯ ಅಳತೆ ನನ್ನ ಕೈಯಲ್ಲಿ ಇರಬೇಕು. ಇಲ್ಲದಿದ್ದರೆ ಇವತ್ತೇ ಮೊದಲನೇ ದಿನ ಅಂತ ಮತ್ತೆ ಲೆಕ್ಕ ಶುರು. ಸ್ಕ್ಯಾನಿಂಗಿನ ಸಣ್ಣ ನುಣುಪು ಕಾಗದದ ಚಿತ್ರ ಬಿಸಿಲಿಗೆ, ಬಿಸಿಗೆ ಮಾಸಿಹೋಗುತ್ತದೆ, ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಆರು ತಿಂಗಳ ಹೊತ್ತಿಗೆ ಬರೀ ಕಪ್ಪು. ಮನೆಗೆ ಹೋದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದು, ಅಮ್ಮನ ಮೊಬೈಲಿಗೂ ಕಳಿಸಿಟ್ಟುಕೊಳ್ಳಿ.